ಅರ್ಧಕ್ಕೆ ನಿಂತ ಕೌದಿ



ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಚಿಂಚಲಿಯು ಮಾಯಕ್ಕದೇವಿಯ ಕ್ಷೇತ್ರವೆಂದು ಕೃಷ್ಣಾತೀರದ ಜನರಿಗೆಲ್ಲ ಪರಿಚಿತವಾದುದು. ಭಾರತ ಹುಣ್ಣಿಮೆಯ ಕಾಲಕ್ಕೆ ಅಲ್ಲಿ ನೆರೆಯುವ ಜಾತ್ರೆಗೆ ಕನ್ನಡಿಗರೂ ಮರಾಠಿಗರೂ ಬರುವರು. ಚಕ್ಕಡಿಯಲ್ಲಿ ಬಂದು ಬಯಲಿನಲ್ಲಿ ರಾತ್ರಿ ಕಳೆಯುತ್ತಿದ್ದ ಹಿಂದಿನವರಿಗೆ ಮಾಘದ ಚಳಿಯನ್ನು ತಡೆಯಲು ಆಧಾರವಾಗಿದ್ದುದು ಮನೆಯ ಹೊದಿಕೆಯೇ. ಒಬ್ಬರು ಅದನ್ನು ಕೌದಿಯೆಂದರು, ಇನ್ನೊಬ್ಬರು ಗೋಧಡಿಯೆಂದರು. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಬಳಿಕ ಮುಂಬಯಿ ಪ್ರಾಂತಕ್ಕೂ, 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. ಆಡಳಿತಗಳು ಬದಲಾದುವು, ಹರಿದ ಸೀರೆಯನ್ನು ಎಸೆಯದೆ ಎತ್ತಿಡುವ ಗೃಹಿಣಿಯ ಪದ್ಧತಿ ಬದಲಾಗಲಿಲ್ಲ.

ಕೌದಿಯೆಂದರೇನೆಂಬುದನ್ನು ಪಟ್ಟಣವಾಸಿಗಳಿಗಾಗಿ ಸ್ವಲ್ಪ ವಿವರಿಸಬೇಕು. ಉಟ್ಟು ಸವೆದ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿಯಿಂದ ಒತ್ತಾದ ಸಾಲುಗಳಲ್ಲಿ ಹೊಲಿಯುವರು. ಎಷ್ಟೋ ಕೌದಿಗಳಲ್ಲಿ ಹೊಲಿಗೆಯು ಅಂಚಿನಿಂದ ಮೊದಲಾಗಿ ಸುತ್ತುಸುತ್ತಾಗಿ ನಡುವಿಗೆ ಬರುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರೂ ಹೀಗೆಯೇ ಹೊಲಿದು, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಫೂಲ'ಗಳನ್ನಿಡುವರು. ಅವಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣವಾದುದು.

ಈಗ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಅಜ್ಜಿಯು ಮೊದಲಿಟ್ಟ ಕೌದಿಯು ಆಕೆಯ ಕಾಲಾನಂತರ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಅಂಚುಗಳು ಮುಗಿದಿವೆ, ನಡುಭಾಗವು ತೆರೆದಿದೆ. ಹೊಲ ಮನೆಗಳನ್ನು ಹಂಚಿಕೊಂಡ ಮಕ್ಕಳು ಇದನ್ನೇನು ಮಾಡಬೇಕು? ಕತ್ತರಿಸಿ ಪಾಲು ಮಾಡಿದರೆ ಪ್ರತಿಯೊಬ್ಬರಿಗೂ ಚಿಂದಿಯು ದೊರೆಯುವುದೇ ಹೊರತು ಕೌದಿಯು ಯಾರಿಗೂ ದೊರೆಯದು. ಹಾಗೆಯೇ ಬಿಟ್ಟರೆ ನುಸಿಯ ಪಾಲಾಗುವುದು. ಆದುದರಿಂದ ಯಾರಾದರೊಬ್ಬರು ಸೂಜಿಯನ್ನು ಹಿಡಿಯಲೇಬೇಕು.

ಹಿಡಿಯುವ ಮೊದಲು ಅದನ್ನು ಓದಬೇಕು. ಅಕ್ಷರ ಕಲಿಯಲು ಅವಕಾಶವಿಲ್ಲದಿದ್ದ ಅಸಂಖ್ಯ ಸ್ತ್ರೀಯರು ತಮ್ಮ ಕೈಯಿಂದ ಬಿಟ್ಟುಹೋದ ದಾಖಲೆ ಇದೇ. ನೂಲಿನ ದಪ್ಪವು ಏರಿಳಿಯುತ್ತಿದ್ದರೆ ಅದು ಕೈನೂಲಿನ ಬಟ್ಟೆಯಾಗಿರಬಹುದು, ಸಮನಾಗಿದ್ದರೆ ಗಿರಣಿಯದಾಗಿರಬಹುದು. ಇದೇ ಜಿಲ್ಲೆಯ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ನೀರಿನ ಬಲದಿಂದ ನಡೆಯತೊಡಗಿತು. ಕೆಂಪು ಸೆರಗಿನ ಚೂರು ಇಳಕಲ್ಲ ಸೀರೆಯ ನೆನಪನ್ನು ತರುವುದು. ಪಾಲಿಯೆಸ್ಟರಿನ ತುಂಡೊಂದು ಸಿಕ್ಕಿದರೆ ಅದು ಸ್ವಾತಂತ್ರ್ಯಾನಂತರದ ಸೇರ್ಪಡೆಯೆಂದು ತಿಳಿಯಬಹುದು. ಬಣ್ಣವನ್ನು ಮಾತ್ರ ನೋಡಿ ಕಾಲವನ್ನು ನಿರ್ಣಯಿಸುವುದು ಸಲ್ಲದು. 1897ರಿಂದ ಮಾರಾಟಕ್ಕೆ ಬಂದ ಕೃತಕ ನೀಲಿಗೂ ಗಿಡದ ನೀಲಿಗೂ ಇರುವ ಭೇದವು ಬರಿಗಣ್ಣಿಗೆ ತೋರದು.

ಹೊಲಿಯುವಾಗಲೂ ಎಚ್ಚರ ಬೇಕು. ಹೊಸ ಗಡಸು ಬಟ್ಟೆಯನ್ನೂ ಬಲವಾದ ನೈಲಾನ್ ದಾರವನ್ನೂ ಬಳಸಿದರೆ ಬಲಹೀನವಾದ ಹಳೆಯ ಅರಿವೆಯೇ ಮೊದಲು ಹರಿಯುವುದು. ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯೂ ಹತ್ತಿಯ ದಾರವೂ ಲೇಸು. ಅಜ್ಜಿಯ ಹೊಲಿಗೆ ಸೊಟ್ಟಗಿದೆಯೆಂದು ಬಿಚ್ಚಿ ನೇರ ಮಾಡಲು ಹೋಗಬಾರದು. ಕೊನೆಗಾಲದಲ್ಲಿ ಕಣ್ಣು ಮಂಜಾಗಿ ಸಾಲು ಓರೆಯಾಗಿದ್ದರೆ ಆ ಓರೆಯೂ ಚರಿತ್ರೆಯೇ.

ಅಜ್ಜಿಯ ಕೈಯನ್ನು ಅನುಕರಿಸಿ, ಎಲ್ಲವನ್ನೂ ಆಕೆಯೇ ಮುಗಿಸಿದಂತೆ ತೋರಿಸಬೇಕೆಂಬ ಆಸೆ ಕೆಲವರಿಗುಂಟು. ನನ್ನ ಮತದಲ್ಲಿ ಅದು ಭಕ್ತಿಯಂತೆ ಕಂಡರೂ ಸತ್ಯವಲ್ಲ. ಕೌದಿಗೆ ಬರೆದಿಟ್ಟ ನಕ್ಷೆಯಿಲ್ಲ. ಮನೆಯಲ್ಲಿ ಸವೆದುದೇ ಅದರ ನಕ್ಷೆ. ಮೊಮ್ಮಗಳು ತನ್ನ ಹಳೆಯ ಸೀರೆಯನ್ನೂ, ಅಣ್ಣನ ಅಂಗಿಯನ್ನೂ, ಕೂಸಿನ ಕುಲಾವಿಯನ್ನೂ ನಡುವೆ ಇರಿಸಿ ತನ್ನ ಕೈಯಿಂದ ತನ್ನಂತೆಯೇ ಹೊಲಿಯಲಿ. ಅಜ್ಜಿಯ ಸಾಲು ಎಲ್ಲಿ ನಿಂತಿತು, ಮೊಮ್ಮಗಳ ಸಾಲು ಎಲ್ಲಿ ಮೊದಲಾಯಿತು ಎಂಬುದು ನೋಡುವವರಿಗೆ ಕಾಣಲಿ.

ಮುಗಿದ ಕೌದಿಯು ಯಾರ ಮನೆಯಲ್ಲಿರಬೇಕೆಂಬ ಪ್ರಶ್ನೆಯು ಆಗಲೂ ಉಳಿಯಬಹುದು. ಬಾಣಂತನವಿರುವ ಮನೆಗೆ ಅದು ಮೊದಲು ಹೋಗಲಿ; ಕೂಸು ಬೆಳೆದ ಮೇಲೆ ಇನ್ನೊಂದು ಮನೆಗೆ ತೆರಳಲಿ. ಪಾಲಾಗದ ಆಸ್ತಿಯೊಂದಾದರೂ ಒಡಹುಟ್ಟಿದವರ ನಡುವೆ ಇರುವುದು ಒಳ್ಳೆಯದು.