ಪದ ಪರಿಚಯ: ಹೊಗೆ

ಹಳಗನ್ನಡದ 'ಪೊಗೆ' ಪಕಾರ ಹಕಾರವಾಗಿ 'ಹೊಗೆ' ಆಯಿತು; ತಮಿಳಿನ 'ಪುಗೈ', ತೆಲುಗಿನ 'ಪೊಗ' ಇದರ ಬಳಗ. ಗೋವೆಯ ಕೊಂಕಣಿಯ 'ಧುಂವರ್' ಮಾತ್ರ ಸಂಸ್ಕೃತದ 'ಧೂಮ'ದ ಕಡೆಯದು. ಪದದ ಹುಟ್ಟಿಗಿಂತ ಅದು ಕೂಡಿಕೊಳ್ಳುವ ಕ್ರಿಯಾಪದಗಳು ಹೆಚ್ಚು ಹೇಳುತ್ತವೆ. ಒಲೆಯಿಂದ ಹೊಗೆ ಏಳುತ್ತದೆ, ಸೊಳ್ಳೆಗೆ ಹೊಗೆ ಹಾಕುತ್ತೇವೆ. ಲಾರಿಯಾದರೋ ಹೊಗೆ ಕಾರುತ್ತದೆ, ಉಗುಳುತ್ತದೆ. ಇನ್ನೊಬ್ಬರ ಮುಖದೆದುರು ಮಾಡಬಾರದ ಕೆಲಸದ ಹೆಸರನ್ನೇ ಕನ್ನಡ ಇಲ್ಲಿ ಆರಿಸಿಕೊಂಡಿದೆ, ಅದು ಸರಿಯಾಗಿಯೇ ಇದೆ.

ಗೋವೆಯ ಮೊಲೆಂ ದಾಟಿ ಅನಮೋಡ ಘಾಟಿ ಹತ್ತುವ ತುಂಬಿದ ಹಳೆಯ ಲಾರಿ ಹೊಗೆ ಬಿಡದೆ ಇರಲಾರದು, ಚಾಲಕನನ್ನು ದೂರುವುದೇಕೆ ಎಂದು ಕೇಳಬಹುದು. ನ್ಯಾಯದ ಮಾತೇ, ಹೊಟ್ಟೆಪಾಡಿನ ದಾರಿಯಲ್ಲಿ ಅವನ ಕೈಯಲ್ಲಿರುವುದು ಕಡಿಮೆ. ಆದರೆ ಬೇಕೆಂದೇ ಡೀಸೆಲ್ ಹೆಚ್ಚಿಸಿ, ಹಿಂದಿನ ಬೈಕಿನವನ ಮೇಲೆ ಕಪ್ಪು ಮೋಡ ಬಿಡುವ ಶೋಕಿ ಬೇರೆ. ಅಮೆರಿಕದಲ್ಲಿ ಇದು ಎಷ್ಟು ಬೆಳೆಯಿತೆಂದರೆ 2015ರಲ್ಲಿ ನ್ಯೂಜೆರ್ಸಿ ರಾಜ್ಯ ಕಾನೂನು ಮಾಡಿಯೇ ನಿಷೇಧಿಸಿತು. ಕರಿಹೊಗೆ ಎಂಜಿನ್ನಿನ ಕಸುವಿನ ಗುರುತು ಎಂಬ ವಾದವೂ ನಿಲ್ಲದು: ಗಾಳಿ ಸಾಲದೆ ಪೂರ್ತಿ ಉರಿಯದ ಇಂಧನವೇ ಮಸಿಯಾಗಿ ಹೊರಬೀಳುತ್ತದೆ. ಅಂದರೆ ಕೊಟ್ಟ ಡೀಸೆಲ್ಲಿನಲ್ಲಿ ಒಂದು ಪಾಲು ಚಕ್ರಕ್ಕೆ ತಲುಪಲೇ ಇಲ್ಲ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೊಗೆಗೆ ಮಿತಿ ಹಾಕಿವೆ. ತಪಾಸಣಾ ಕೇಂದ್ರದ ಯಂತ್ರ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು. ಚಾಲಕನ ಉದ್ದೇಶವನ್ನು ಆ ಯಂತ್ರ ಅಳೆಯಲಾರದು; 'ಹೊಗೆ ಬಂತು', 'ಹೊಗೆ ಉಗುಳಿದ' ಎಂಬ ಎರಡು ಮಾತುಗಳ ನಡುವೆ ಕನ್ನಡ ಆ ವ್ಯತ್ಯಾಸವನ್ನು ಹಿಡಿದಿಟ್ಟಿದೆ.