ಒಬ್ಬನೇ ಗಿರಾಕಿಯನ್ನು ನಂಬಿದ ಕುದುರೆಮುಖ

1/5
ಮಳೆ ಬಿಟ್ಟ ಬೆಳಿಗ್ಗೆ ಬೆಳ್ತಂಗಡಿಯಿಂದ ನೋಡಿದ್ರೆ ಕುದುರೆಮುಖದ ಸಾಲು ಚಂದ ಕಾಣ್ತದೆ. ನಾವೆಲ್ಲ ಅಲ್ಲಿ ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕಿದವರೇ. ಆದರೆ ಆ ಘಟ್ಟದ ಮೇಲೆ ನಮ್ಮ ಬಿಕಾಂನವರಿಗೆ ಒಂದು ಪಾಠ ಉಂಟು. ಕ್ಲಾಸಲ್ಲಿ ಈಗ ಡಿಮ್ಯಾಟ್ ಖಾತೆ ತೆರೆದವರೆಲ್ಲ "ಯಾವ ಇವಿ ಶೇರು ತಗೊಳ್ಳುವುದು ಮಾರಾಯ" ಅಂತ ಕೇಳ್ತಾರೆ. ನಾನೂ 3,000 ರೂಪಾಯಿ ಹಾಕಿದ್ದೇನೆ. ಹಾಗಾಗಿ ಇದು ನನಗೂ ಸೇರಿ.

2/5
1973ರ ನಂತರ ಪೆಟ್ರೋಲಿಯಂ ಬೆಲೆ ಏರಿ ಇರಾನಿನ ಕೈಯಲ್ಲಿ ಹಣ ತುಂಬಿತು. ಅವರಿಗೆ ಉಕ್ಕಿನ ಕಾರ್ಖಾನೆ ಕಟ್ಟಬೇಕಿತ್ತು, ಅದಕ್ಕೆ ಅದಿರು ಬೇಕಿತ್ತು. 1975ರಲ್ಲಿ ಒಪ್ಪಂದ ಆಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರು ಕಳಿಸುವುದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಇಳಿಸುವ ಯೋಜನೆ.

3/5
1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ಶಾ ದೇಶ ಬಿಟ್ಟರು. ಬಂದದ್ದು 25.5 ಕೋಟಿ ಡಾಲರ್ ಮಾತ್ರ, ಉಳಿದದ್ದು ನಿಂತಿತು. ಭಾರತ ತನ್ನ ಹಣ ಹಾಕಿ 1980ರಲ್ಲಿ ಕೆಲಸ ಮುಗಿಸಿತು. ಗಣಿ ಉಂಟು, ಪೈಪು ಉಂಟು, ಗಿರಾಕಿಯೇ ಇಲ್ಲ! ಒಂದೇ ಹೋಟೆಲನ್ನು ನಂಬಿ ಹತ್ತು ದನ ಕಟ್ಟಿದ ಹಾಗೆ. ಹೊಸ ಗಿರಾಕಿಗಳಿಗೆ ಬೇಕಾದ ಪೆಲೆಟ್ ಮಾಡ್ಲಿಕ್ಕೆ ಮಂಗಳೂರಲ್ಲಿ ಕಾರ್ಖಾನೆ ಶುರುವಾಗುವಾಗ 1987 ಆಗಿತ್ತು.

4/5
ಮತ್ತೆ ಎರಡನೇ ಪೆಟ್ಟು. ಗಣಿ ಇದ್ದದ್ದು ಶೋಲಾ ಕಾಡಿನ ನಡುವೆ, ಹೂಳು ಹೋಗ್ತಾ ಇದ್ದದ್ದು ಭದ್ರಾ ನದಿಗೆ. ಕೆ.ಎಂ. ಚಿನ್ನಪ್ಪನವರ ಹೆಸರಿನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು. ಆದರೆ ಮಂಗಳೂರಿನ ಕಾರ್ಖಾನೆಗೆ ಛತ್ತೀಸ್‌ಗಢದ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ತರಿಸಬೇಕಾಯಿತು. ಮೊದಲು ಅದಿರಿತ್ತು, ಗಿರಾಕಿ ಇರಲಿಲ್ಲ. ಆಮೇಲೆ ಕಾರ್ಖಾನೆ ಇತ್ತು, ಅದಿರು ಇರಲಿಲ್ಲ.

5/5
ಈಗ ಇವಿಗೆ ಬನ್ನಿ. ಕೋಬಾಲ್ಟ್‌ನ ಬಹುಪಾಲು ಅಗೆಯುವುದು ಕಾಂಗೋದಲ್ಲಿ, ಶುದ್ಧ ಮಾಡುವುದು ಹೆಚ್ಚಾಗಿ ಚೀನಾದಲ್ಲಿ. ಮೋಟಾರಿನ ವಿರಳ ಲೋಹದ ಮ್ಯಾಗ್ನೆಟ್ ಕೂಡ ಚೀನಾದ್ದೇ. 2025ರ ಏಪ್ರಿಲ್‌ನಲ್ಲಿ ಚೀನಾ ಅದರ ರಫ್ತಿಗೆ ಲೈಸೆನ್ಸ್ ಬೇಕು ಅಂದ ಕೂಡಲೇ ನಮ್ಮ ದೇಶದ ವಾಹನ ಕಂಪನಿಗಳಿಗೆ ಬಿಸಿ ತಟ್ಟಿತು. "ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಲ್ಲ" ಅಂತೀರಾ? ಮರಳಗಾಲದಲ್ಲಿ ಪ್ರಾಥಮಿಕ ಅಂದಾಜು 1,600 ಟನ್. ನೆಲದಡಿಯ ಅಂದಾಜು ಬೇರೆ, ಬ್ಯಾಟರಿಗೆ ಸೇರುವ ಲಿಥಿಯಂ ಬೇರೆ.

ಅಂದು ಒಬ್ಬನೇ ಗಿರಾಕಿ, ಇಂದು ಒಬ್ಬನೇ ವ್ಯಾಪಾರಿ. ಎರಡೂ ಒಂದೇ ರಿಸ್ಕ್. ಇವಿ ಬೇಡ ಅಂತ ನಾನು ಹೇಳ್ತಾ ಇಲ್ಲ, ಹೊಗೆ ಕಡಿಮೆ ಆಗ್ಲೇಬೇಕು. ಶೇರು ತಗೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ ಅಷ್ಟೇ: ಕಚ್ಚಾವಸ್ತು ಎಲ್ಲಿಂದ? ಅವನು ಕೊಡದಿದ್ದರೆ ಮತ್ಯಾರು? ಯಾರ ಕಾಡು, ಯಾರ ನದಿ?

ನನ್ನ 3,000ಕ್ಕೆ ನಾನು ಇದನ್ನು ಕೇಳಿರಲಿಲ್ಲ. ನೀವು ಕೇಳಿದ್ದೀರಾ? ಕಾಮೆಂಟಲ್ಲಿ ಹೇಳಿ.

#ಕುದುರೆಮುಖ #ನಮ್ಮಬೆಳ್ತಂಗಡಿ #ಬಿಕಾಂಕಥೆಗಳು