ಕಾರು ಚಾಲಕರು ಮತ್ತು ದ್ವಿಚಕ್ರ ವಾಹನ ಸವಾರರ ರಸ್ತೆ ಹಂಚಿಕೆ

ಕಾರು ಚಾಲಕರು ಮತ್ತು ದ್ವಿಚಕ್ರ ವಾಹನ ಸವಾರರ ರಸ್ತೆ ಹಂಚಿಕೆ ಎಂಬುದು ರಸ್ತೆ ಸುರಕ್ಷತೆಯ ಒಂದು ವಿಷಯ. ಒಂದೇ ರಸ್ತೆಯಲ್ಲಿ ಸಾಗುವ ಈ ಎರಡು ಬಗೆಯ ವಾಹನಗಳ ಗಾತ್ರ, ತೂಕ ಮತ್ತು ಸಮತೋಲನದ ವ್ಯತ್ಯಾಸದಿಂದ ಉಂಟಾಗುವ ಅಪಾಯಗಳನ್ನೂ ಅವುಗಳನ್ನು ತಗ್ಗಿಸಲು ಕಾರು ಚಾಲಕರು ಅನುಸರಿಸಬೇಕಾದ ಕ್ರಮಗಳನ್ನೂ ಇದು ಒಳಗೊಳ್ಳುತ್ತದೆ. ಡಿಕ್ಕಿ ಸಂಭವಿಸಿದಾಗ ಕಾರಿನಲ್ಲಿರುವವರಿಗೆ ಉಕ್ಕಿನ ಕವಚ, ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳ ರಕ್ಷಣೆಯಿರುತ್ತದೆ. ಸಾಮಾನ್ಯ ಸವಾರನಿಗೆ ಇರುವುದು ಹೆಲ್ಮೆಟ್ ಒಂದೇ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಇವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು.

ನೋಡಿಯೂ ಕಾಣದಿರುವುದು

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಮೂಲಭೂತವಾದುದೆಂದು ಪರಿಗಣಿತವಾಗಿದೆ. ಬೇರೆ ವಾಹನವೂ ಒಳಗೊಂಡಿದ್ದ ಅಪಘಾತಗಳ ಪೈಕಿ ಸುಮಾರು ಮೂರನೆಯ ಎರಡು ಭಾಗದಲ್ಲಿ ಆ ವಾಹನದ ಚಾಲಕನೇ ಮೋಟಾರ್‌ಸೈಕಲ್ಲಿಗೆ ಸಲ್ಲಬೇಕಾದ ಹಾದಿಯನ್ನು ಅಡ್ಡಗಟ್ಟಿದ್ದನೆಂದು ಅದು ಕಂಡುಕೊಂಡಿತು. ಮೋಟಾರ್‌ಸೈಕಲ್ ತನಗೆ ಕಾಣಲೇ ಇಲ್ಲ, ಅಥವಾ ಕಂಡಾಗ ತಡವಾಗಿತ್ತು ಎಂಬುದು ಇಂತಹ ಚಾಲಕರ ಸಾಮಾನ್ಯ ಹೇಳಿಕೆ. ಇದನ್ನು ಕೇವಲ ನೆಪವೆಂದು ತಳ್ಳಿಹಾಕುವಂತಿಲ್ಲ.

ಮುಂಭಾಗದಿಂದ ನೋಡಿದಾಗ ಮೋಟಾರ್‌ಸೈಕಲ್ಲಿನ ಅಗಲ ಕಾರಿನ ಅಗಲದ ಅರ್ಧಕ್ಕಿಂತಲೂ ಕಡಿಮೆ. ಗಾಜಿನ ಇಕ್ಕೆಲದ ಕಂಬಗಳ ಮರೆಯಲ್ಲಿ ಅದು ಪೂರ್ತಿಯಾಗಿ ಅಡಗಬಲ್ಲದು. ಕಾರು ಮತ್ತು ಬೈಕು ಒಂದೇ ಬಿಂದುವಿನೆಡೆಗೆ ಸಮವೇಗಗಳಲ್ಲಿ ಬರುತ್ತಿದ್ದರೆ ಬೈಕು ಆ ಮರೆಯಲ್ಲೇ ಉಳಿದುಬಿಡುವ ಸಾಧ್ಯತೆಯೂ ಉಂಟು. ಕಣ್ಣು ಒಂದು ಬದಿಯಿಂದ ಇನ್ನೊಂದಕ್ಕೆ ಸರ್ರನೆ ಹೊರಳುವಾಗ ನಡುವಿನ ದೃಶ್ಯ ಮಿದುಳಿಗೆ ಸ್ಪಷ್ಟವಾಗಿ ತಲುಪುವುದಿಲ್ಲ ಎಂಬುದು ಇನ್ನೊಂದು ಕಾರಣ. ಚಿಕ್ಕ ವಸ್ತು ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂಬ ಭ್ರಮೆಯೂ ಸೇರಿಕೊಳ್ಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಮೂರು ಸೆಕೆಂಡುಗಳಲ್ಲಿ 50 ಮೀಟರ್ ಕ್ರಮಿಸುತ್ತದೆ. ಆದುದರಿಂದ 'ಇನ್ನೂ ದೂರವಿದೆ' ಎಂಬ ಅಂದಾಜು ತಪ್ಪಿದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.

ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಿನಲ್ಲೂ ತಾನಾಗಿ ಉರಿಯುವ ವ್ಯವಸ್ಥೆ ಬಂದುದು ಈ ಸಮಸ್ಯೆಯ ಪರಿಹಾರಕ್ಕಾಗಿಯೇ. ಅದನ್ನು ಆರಿಸಲು ಮರೆತಿದ್ದಾರೆಂದು ಭಾವಿಸಿ ಎದುರಿನವರು ಕೈಸನ್ನೆ ಮಾಡುವುದು ಬಹುಕಾಲ ನಡೆಯಿತು.

ತಿರುವು ಮತ್ತು ಲೇನ್ ಬದಲಾವಣೆ

ಎಡಗಡೆಯ ಸಂಚಾರವಿರುವ ಭಾರತದಲ್ಲಿ ಕಾರು ಬಲಕ್ಕೆ ತಿರುಗುವಾಗ ಎದುರಿನಿಂದ ನೇರವಾಗಿ ಬರುವ ಬೈಕಿನ ಹಾದಿಯನ್ನು ದಾಟಬೇಕಾಗುತ್ತದೆ. ಅತ್ಯಂತ ಎಚ್ಚರ ಬೇಕಾದುದು ಇಲ್ಲಿಯೇ. ಎರಡು ಬಾರಿ ನೋಡುವುದು, ಎರಡನೆಯ ಬಾರಿ ತಲೆಯನ್ನು ತುಸು ಮುಂದೆ ಬಾಗಿಸಿ ಕಂಬದ ಆಚೆ ಇಣುಕುವುದು ಪ್ರಯೋಜನಕಾರಿ. ಎದುರಿನ ಬೈಕಿನ ಇಂಡಿಕೇಟರ್ ಮಿನುಗುತ್ತಿದೆ ಎಂಬ ಒಂದೇ ಆಧಾರದ ಮೇಲೆ ಮುಂದುವರಿಯಬಾರದು. ಹೆಚ್ಚಿನ ಬೈಕುಗಳಲ್ಲಿ ತಿರುವಿನ ನಂತರ ಇಂಡಿಕೇಟರ್ ತಾನಾಗಿ ಆರುವುದಿಲ್ಲ, ಸವಾರ ಮರೆತಿರಬಹುದು.

ಎಡಕ್ಕೆ ತಿರುಗುವಾಗಿನ ಅಪಾಯ ಬೇರೆ ಬಗೆಯದು. ದಟ್ಟಣೆಯಲ್ಲಿ ಸವಾರರು ಕಾರಿನ ಎಡಬದಿಯ ಸಂದಿಯಲ್ಲಿ ನುಸುಳಿ ಬರುವುದು ಬೆಂಗಳೂರಿನಂತಹ ನಗರಗಳಲ್ಲಿ ದಿನನಿತ್ಯದ ಸಂಗತಿ. ಹಾಗೆ ಎಡದಿಂದ ಹಿಂದಿಕ್ಕುವುದು ಸಾಮಾನ್ಯವಾಗಿ ನಿಯಮಬಾಹಿರವಾದರೂ ಚಾಲಕನು ಅವರು ಇದ್ದೇ ಇರುತ್ತಾರೆಂದು ಎಣಿಸಿ ಎಡಗನ್ನಡಿಯನ್ನು ನೋಡಬೇಕು. ಅನೇಕ ಕಾರುಗಳಲ್ಲಿ ಈ ಕನ್ನಡಿ ಮಡಚಿಯೇ ಇರುವುದು ವಿಷಾದನೀಯ. ಕನ್ನಡಿಗೆ ಕಾಣದ ಭಾಗಕ್ಕಾಗಿ ಭುಜದ ಮೇಲಿಂದ ತಿರುಗಿ ನೋಡಿ, ಇಂಡಿಕೇಟರ್ ಹಾಕಿ, ಒಂದೆರಡು ಕ್ಷಣದ ಬಳಿಕ ಲೇನ್ ಬದಲಿಸಬೇಕು.

ಹಿಂಬಾಲಿಸುವ ಅಂತರ

ಸವಾರ ಅಕ್ಸಿಲರೇಟರ್ ಸಡಿಲಿಸಿ ಗೇರ್ ಇಳಿಸಿದರೆ ಬೈಕಿನ ವೇಗ ಗಣನೀಯವಾಗಿ ಕುಗ್ಗುತ್ತದೆ. ಆಗ ಬ್ರೇಕ್ ದೀಪ ಹೊತ್ತಿಕೊಳ್ಳುವುದಿಲ್ಲ. ಕಾರು ಸಲೀಸಾಗಿ ದಾಟುವ ರಸ್ತೆಗುಂಡಿ, ಚೆಲ್ಲಿದ ಜಲ್ಲಿ ಅಥವಾ ಮರಳು, ಬಣ್ಣವಿಲ್ಲದ ಹಂಪ್, ಮಳೆಯಲ್ಲಿ ಜಾರುವ ಮ್ಯಾನ್‌ಹೋಲ್ ಮುಚ್ಚಳ ಇವು ಸವಾರನನ್ನು ಕೆಡವಬಲ್ಲವು. ಅವನ್ನು ತಪ್ಪಿಸಲು ಅವನು ಹಠಾತ್ತನೆ ಪಕ್ಕಕ್ಕೆ ಸರಿಯುತ್ತಾನೆ. ಆದುದರಿಂದ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕು, ಮಳೆಯಲ್ಲಿ ನಾಲ್ಕು. ಹಿಂದಿಕ್ಕುವಾಗ ಬೈಕಿಗೂ ಒಂದು ಕಾರಿಗೆ ಬೇಕಾಗುವಷ್ಟೇ ಜಾಗವನ್ನು ಬಿಡುವುದು ಯುಕ್ತ. ಬೆನ್ನಿಗೆ ಬಂದು ಒಮ್ಮೆಲೇ ಹಾರನ್ ಬಾರಿಸಿದರೆ ಸವಾರ ಬೆದರಿ ಮುಂಬ್ರೇಕನ್ನು ಬಿಗಿಯಾಗಿ ಹಿಡಿಯಬಹುದು. ಎಬಿಎಸ್ ಇಲ್ಲದ ವಾಹನದಲ್ಲಿ ಇದರಿಂದ ಚಕ್ರ ನಿಂತು ಬೀಳುವ ಸಂಭವವಿದೆ. ರಾತ್ರಿ ಎದುರು ಬರುವ ಬೈಕಿಗೂ ದೀಪವನ್ನು ಡಿಮ್ ಮಾಡಬೇಕು.

ನಿಂತ ಕಾರಿನ ಬಾಗಿಲು

ನಿಂತ ಕಾರಿನ ಬಾಗಿಲನ್ನು ಅಜಾಗರೂಕತೆಯಿಂದ ತೆರೆಯುವುದೂ ಅಪಘಾತಕ್ಕೆ ಕಾರಣ. ನೆದರ್ಲೆಂಡ್ಸ್‌ನಲ್ಲಿ ರೂಢಿಯಲ್ಲಿರುವ ಉಪಾಯ ಸರಳವಾದುದು: ಬಾಗಿಲಿನಿಂದ ದೂರವಿರುವ ಕೈಯಿಂದ ಅದನ್ನು ತೆರೆಯುವುದು. ಭಾರತದ ಚಾಲಕನು ಎಡಗೈ ಬಳಸಿದರೆ ದೇಹ ತಾನಾಗಿ ತಿರುಗಿ ಹಿಂದಿನ ರಸ್ತೆ ಕಣ್ಣಿಗೆ ಬೀಳುತ್ತದೆ. ಹಿಂದಿನ ಸೀಟಿನ ಮಕ್ಕಳಿಗೂ ಇದನ್ನು ಕಲಿಸಬಹುದು.

ಅಪಘಾತದ ನಂತರ

1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸಲು ಸಾಧ್ಯವಿರುವ ಕ್ರಮ ಕೈಗೊಳ್ಳುವುದು ಚಾಲಕನ ಕರ್ತವ್ಯ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಸದ್ಭಾವನೆಯಿಂದ ನೆರವಾಗುವ ದಾರಿಹೋಕರಿಗೆ ಕಾನೂನಿನ ರಕ್ಷಣೆ ನೀಡುತ್ತದೆ. ಕುತ್ತಿಗೆಗೆ ಪೆಟ್ಟಾಗಿರಬಹುದಾದ್ದರಿಂದ, ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಸವಾರನ ಹೆಲ್ಮೆಟ್ಟನ್ನು ಎಳೆದು ತೆಗೆಯದೆ, 108 ಅಥವಾ 112ಕ್ಕೆ ಕರೆ ಮಾಡಬೇಕು.